ದೀಪ ಆರಿಸಲು ಕಲಿಸುವ ಬೆಳಕಿನ ಜಾತ್ರೆ

2022ರ ಅಕ್ಟೋಬರ್ 2ರಂದು ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ‘ಲೈಟ್ + ಬಿಲ್ಡಿಂಗ್’ ಮೇಳದ ಬಾಗಿಲು ತೆರೆದಾಗ, ಆ ದೇಶದಲ್ಲಿ ದೀಪ ಹಚ್ಚುವುದಕ್ಕೇ ಲಗಾಮು ಬಿದ್ದಿತ್ತು. ಉಕ್ರೇನ್ ಯುದ್ಧದ ಬಿಸಿ ತಟ್ಟಿ, ರಷ್ಯಾದಿಂದ ಸಮುದ್ರದಡಿಯ ಕೊಳವೆಯಲ್ಲಿ ನೇರವಾಗಿ ಬರುತ್ತಿದ್ದ ಅನಿಲ ಆಗಸ್ಟ್ ಕೊನೆಗೆ ನಿಂತುಹೋಗಿತ್ತು. ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಸರ್ಕಾರಿ ಆದೇಶದಂತೆ ಸ್ಮಾರಕಗಳಿಗೂ ಸಾರ್ವಜನಿಕ ಕಟ್ಟಡಗಳಿಗೂ ಹೊರಗಿನಿಂದ ಹಾಯಿಸುತ್ತಿದ್ದ ಅಲಂಕಾರದ ಬೆಳಕು ಬಂದ್ ಆಗಿತ್ತು. ಸರ್ಕಾರಿ ಕಚೇರಿಯ ಕೋಣೆಗಳನ್ನು 19 ಡಿಗ್ರಿಗಿಂತ ಹೆಚ್ಚು ಬೆಚ್ಚಗಿಡುವಂತಿರಲಿಲ್ಲ. ರಾತ್ರಿಯ ಜಾಹೀರಾತು ಫಲಕಗಳಿಗೂ ಹೊತ್ತಿನ ಮಿತಿ ಬಂದಿತ್ತು. ಅಂಥ ಹೊತ್ತಿನಲ್ಲಿ ಜಗತ್ತಿನ ದೊಡ್ಡ ದೊಡ್ಡ ದೀಪ ತಯಾರಕರು ಅಲ್ಲಿ ಬಂದು ಮಳಿಗೆ ಹಾಕಿದ್ದರು.

ಮೇಲ್ನೋಟಕ್ಕೆ ಇದು ವಿಪರ್ಯಾಸ. ಆದರೆ ಮೇಳದ ಒಳಹೊಕ್ಕವರಿಗೆ ಹಾಗೆ ಅನಿಸುವ ಕಾರಣವಿರಲಿಲ್ಲ. ಅಲ್ಲಿ ದೀಪದಷ್ಟೇ ಭರಾಟೆಯಿಂದ ಮಾರಾಟಕ್ಕಿದ್ದದ್ದು ದೀಪವನ್ನು ಆರಿಸುವ ಸಾಧನಗಳು. ಯಾರೂ ಇಲ್ಲದ ಕೋಣೆಯನ್ನು ಪತ್ತೆಹಚ್ಚುವ ಸೆನ್ಸರ್, ಕಿಟಕಿಯಿಂದ ಬಿಸಿಲು ಬಂದಷ್ಟೂ ಟ್ಯೂಬ್‌ಲೈಟನ್ನು ಮಂದ ಮಾಡುವ ನಿಯಂತ್ರಕ, ಗಾಳಿ ಬೇಕಿಲ್ಲದಾಗ ಫ್ಯಾನಿನ ವೇಗ ಇಳಿಸುವ ಡ್ರೈವ್, ಯಾವ ಮಹಡಿ ಎಷ್ಟು ಯೂನಿಟ್ ನುಂಗಿತು ಎಂದು ಗಂಟೆಗಂಟೆಗೂ ಬರೆದಿಡುವ ಮೀಟರ್. ‘ಸ್ಮಾರ್ಟ್ ಬಿಲ್ಡಿಂಗ್’ ಎಂಬ ಮಾತಿನ ಸುತ್ತ ಎಷ್ಟೇ ಬಣ್ಣದ ಪರದೆ ಕಟ್ಟಿದರೂ ಒಳಗಿನ ತಿರುಳು ಇಷ್ಟೇ: ಬೇಕಾದಾಗ ಬೇಕಾದಷ್ಟು, ಬೇಡದಾಗ ಬಂದ್. ಕೇಳಲು ಸುಲಭವಾದ ಈ ಮಾತು ಮಾಡಲು ಯಾಕಿಷ್ಟು ಕಷ್ಟ ಎನ್ನುವುದೇ ಈ ಮೇಳದ ನಿಜವಾದ ಕಥೆ.

ಜಲಪಾತ ಹರಿದ ಊರು

ಲೈಟ್ + ಬಿಲ್ಡಿಂಗ್ ಆರಂಭವಾದದ್ದು 2000ದಲ್ಲಿ. ಎರಡು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ವಸಂತದ ಆರಂಭದಲ್ಲಿ, ಮೆಸ್ಸೆ ಫ್ರಾಂಕ್‌ಫರ್ಟ್ ಸಂಸ್ಥೆಯ ವಿಶಾಲ ಆವರಣದಲ್ಲಿ ನಡೆಯುತ್ತದೆ. ಕೋವಿಡ್‌ನಿಂದ 2020ರ ಮೇಳ ರದ್ದಾಯಿತು. 2022ರದ್ದು ಅಕ್ಟೋಬರ್‌ಗೆ ಜಾರಿತು. 2018ರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಬಂದಿದ್ದರೆ, 2024ರ ಮಾರ್ಚ್‌ನಲ್ಲಿ 65 ದೇಶಗಳ ಸುಮಾರು 2,100 ಕಂಪನಿಗಳೂ ಒಂದೂವರೆ ಲಕ್ಷದಷ್ಟು ವೀಕ್ಷಕರೂ ಸೇರಿದ್ದರು. ಬರುವವರು ಹೆಚ್ಚಾಗಿ ವಾಸ್ತುಶಿಲ್ಪಿಗಳು, ವಿದ್ಯುತ್ ಗುತ್ತಿಗೆದಾರರು, ಸಲಹೆಗಾರ ಎಂಜಿನಿಯರುಗಳು, ಕಟ್ಟಡ ನಿರ್ವಹಣೆಯವರು. ಸಭಾಂಗಣದಿಂದ ಸಭಾಂಗಣಕ್ಕೆ ಚಲಿಸುವ ಕಾಲುದಾರಿಗಳಿವೆ. ಆದರೂ ದಿನದ ಕೊನೆಗೆ ಕಾಲು ಪದ ಹಾಡುತ್ತದೆ.

ಫ್ರಾಂಕ್‌ಫರ್ಟ್‌ಗೆ ಸಂತೆ ಹೊಸದಲ್ಲ. 1240ರಲ್ಲೇ ಚಕ್ರವರ್ತಿ ಎರಡನೇ ಫ್ರೆಡರಿಕ್ ಇಲ್ಲಿನ ಸಂತೆಗೆ ಬರುವ ವರ್ತಕರಿಗೆ ರಕ್ಷಣೆಯ ಸನ್ನದು ಕೊಟ್ಟಿದ್ದ. ವಿದ್ಯುತ್ತಿನ ಮಟ್ಟಿಗಂತೂ ಇದು ಪುಣ್ಯಕ್ಷೇತ್ರವೇ ಸರಿ. 1891ರಲ್ಲಿ ಇಲ್ಲಿ ಅಂತರರಾಷ್ಟ್ರೀಯ ವಿದ್ಯುತ್ ಪ್ರದರ್ಶನ ನಡೆಯಿತು. ವಿದ್ಯುತ್ತನ್ನು ದೂರಕ್ಕೆ ಸಾಗಿಸಬಹುದೇ, ಸಾಗಿಸಿದರೆ ದಾರಿಯಲ್ಲೇ ಸೋರಿಹೋಗುವುದಿಲ್ಲವೇ ಎಂಬ ವಾದ ಆಗ ಜೋರಾಗಿತ್ತು. ಪ್ರದರ್ಶನದ ಸಾರಥ್ಯ ವಹಿಸಿದ್ದ ಎಂಜಿನಿಯರ್ ಓಸ್ಕರ್ ಫಾನ್ ಮಿಲ್ಲರ್ ಮಾತಿನ ಬದಲು ತಂತಿ ಎಳೆಸಿದ. 175 ಕಿಲೋಮೀಟರ್ ದೂರದ ಲೌಫೆನ್ ಎಂಬ ಊರಿನಲ್ಲಿ, ನೆಕ್ಕರ್ ನದಿಯ ದಂಡೆಯ ಸಿಮೆಂಟ್ ಕಾರ್ಖಾನೆಯ ಟರ್ಬೈನಿನಿಂದ ಹೊರಟ ಮೂರು ಫೇಸಿನ ವಿದ್ಯುತ್ತು ಫ್ರಾಂಕ್‌ಫರ್ಟ್ ತಲುಪಿ, ಸಾವಿರದಷ್ಟು ಬಲ್ಬುಗಳನ್ನು ಹೊತ್ತಿಸಿತು. ಪಂಪಿನಿಂದ ನೀರನ್ನು ಮೇಲೆತ್ತಿ ಒಂದು ಕೃತಕ ಜಲಪಾತವನ್ನೂ ಹರಿಸಿತು. ಕಳಿಸಿದ್ದರಲ್ಲಿ ಮುಕ್ಕಾಲು ಪಾಲು ಕ್ಷೇಮವಾಗಿ ಬಂದು ಮುಟ್ಟಿತ್ತು. ಎಇಜಿ ಕಂಪನಿಯ ಡೊಲಿವೊ-ಡೊಬ್ರೊವೊಲ್‌ಸ್ಕಿ, ಓರ್ಲಿಕಾನ್‌ನ ಚಾರ್ಲ್ಸ್ ಬ್ರೌನ್ ಅದರ ಹಿಂದಿದ್ದ ತಂತ್ರಜ್ಞರು.

ಇಲ್ಲಿ ಕನ್ನಡಿಗರ ನೆನಪು ಶಿವನಸಮುದ್ರದ ಕಡೆ ಹೊರಳುವುದು ಸಹಜ. ಲೌಫೆನ್ ಪ್ರಯೋಗವಾದ 11 ವರ್ಷಕ್ಕೆ, 1902ರಲ್ಲಿ, ಕಾವೇರಿಯ ಧುಮುಕಿನಿಂದ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ಹಾದು ಕೋಲಾರದ ಚಿನ್ನದ ಗಣಿ ಸೇರಿತು. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ಲೈನುಗಳಲ್ಲೊಂದು. 1905ರಲ್ಲಿ ಬೆಂಗಳೂರಿನ ಬೀದಿ ದೀಪ ಬೆಳಗಿದ್ದು ಅದೇ ಕಾವೇರಿಯಿಂದ. ದೂರದಿಂದ ತರುವ ಸಮಸ್ಯೆಯನ್ನು ಫ್ರಾಂಕ್‌ಫರ್ಟ್ ತೋರಿಸಿ ಬಗೆಹರಿಸಿತು, ಮೈಸೂರು ಸಂಸ್ಥಾನ ದುಡಿಸಿ ತೋರಿಸಿತು. ತಂದದ್ದನ್ನು ಕಟ್ಟಡದೊಳಗೆ ಹೇಗೆ ಬಳಸಬೇಕು ಎಂಬ ಪ್ರಶ್ನೆ ಮಾತ್ರ ಎರಡೂ ಕಡೆ ಬಹುಕಾಲ ಹಾಗೇ ಉಳಿಯಿತು. ವಿದ್ಯುತ್ತು ಅಗ್ಗವಾಗಿದ್ದಷ್ಟು ಕಾಲ ಯಾರಿಗೂ ಅದರ ಚಿಂತೆಯಿರಲಿಲ್ಲ. 1973ರ ತೈಲ ಬಿಕ್ಕಟ್ಟು ಯುರೋಪಿನ ಕಣ್ಣು ತೆರೆಸಿತು. ಇಂದು ಐರೋಪ್ಯ ಒಕ್ಕೂಟ ಬಳಸುವ ಒಟ್ಟು ಶಕ್ತಿಯಲ್ಲಿ ಸುಮಾರು ಶೇ 40ರಷ್ಟು ಕಟ್ಟಡಗಳಿಗೇ ಹೋಗುತ್ತದೆ.

ಹಸಿರು ತಂತಿಯ ಮಾತುಕತೆ

ಮೇಳದಲ್ಲಿ ಜನರ ಕ್ಯಾಮೆರಾ ಮೊದಲು ತಿರುಗುವುದು ಗಾಜಿನ ಗೊಂಚಲು ದೀಪಗಳತ್ತ. ಎಂಜಿನಿಯರುಗಳು ಗುಂಪುಗೂಡುವುದು ಕಟ್ಟಡ ತಂತ್ರಜ್ಞಾನದ ಸಭಾಂಗಣಗಳಲ್ಲಿ, ಹಲಗೆಯ ಮೇಲೆ ತಂತಿ, ಸ್ವಿಚ್, ಸಣ್ಣ ಮೋಟಾರು ಜೋಡಿಸಿಟ್ಟ ಮಳಿಗೆಗಳ ಮುಂದೆ. ಅಂಥದೊಂದು ಹಲಗೆಯನ್ನು ಹತ್ತಿರದಿಂದ ನೋಡೋಣ.

ಹಲಗೆಯ ಉದ್ದಕ್ಕೂ ಹಸಿರು ಹೊದಿಕೆಯ ತೆಳು ಕೇಬಲ್ ಒಂದು ಹಾದಿದೆ. ಇದು ಕೆಎನ್‌ಎಕ್ಸ್ ಎಂಬ ಪದ್ಧತಿಯ ಗುರುತು. ಗೋಡೆಯ ಸ್ವಿಚ್ಚಿಗೆ 230 ವೋಲ್ಟಿನ ತಂತಿ ಬರುವುದೇ ಇಲ್ಲ. ಹಸಿರು ಕೇಬಲಿನಲ್ಲಿರುವ ಸುಮಾರು 30 ವೋಲ್ಟಿನ ನೇರ ವಿದ್ಯುತ್ತೇ ಅದಕ್ಕೆ ಸಾಕು. ಸ್ವಿಚ್ ಒತ್ತಿದಾಗ ಸರ್ಕ್ಯೂಟ್ ಕೂಡುವುದಾಗಲಿ ಕಡಿಯುವುದಾಗಲಿ ಅಲ್ಲಿ ನಡೆಯುವುದಿಲ್ಲ. ಸ್ವಿಚ್ಚಿನೊಳಗಿನ ಪುಟ್ಟ ಪ್ರೊಸೆಸರ್ ಆ ತಂತಿಯ ಮೇಲೆ ಒಂದು ಚಿಕ್ಕ ಸಂದೇಶ ಬಿಡುತ್ತದೆ. ಊರಿನಲ್ಲಿ ಡಂಗುರ ಸಾರಿದಂತೆ, ತಂತಿಯಲ್ಲಿರುವ ಎಲ್ಲ ಉಪಕರಣಗಳಿಗೂ ಅದು ಕೇಳಿಸುತ್ತದೆ. ಸಂಬಂಧಪಟ್ಟವು ಮಾತ್ರ ಎದ್ದು ಕೆಲಸ ಮಾಡುತ್ತವೆ. ಸಭಾ ಕೋಣೆಯ ‘ಪ್ರೊಜೆಕ್ಟರ್’ ಗುಂಡಿ ಒತ್ತಿದರೆ ಅದೇ ಒಂದು ಸಂದೇಶಕ್ಕೆ ಪರದೆ ಇಳಿಯುತ್ತದೆ, ಮುಂದಿನ ಸಾಲಿನ ದೀಪ ಆರುತ್ತದೆ, ಹಿಂದಿನದು ಮಂದವಾಗುತ್ತದೆ. ನಡುವೆ ಯಜಮಾನ ಕಂಪ್ಯೂಟರ್ ಯಾವುದೂ ಇಲ್ಲ. ಒಂದು ಉಪಕರಣ ಕೆಟ್ಟರೆ ಅದಷ್ಟೇ ಮಲಗುತ್ತದೆ, ಉಳಿದವು ತಮ್ಮ ಪಾಡಿಗೆ ದುಡಿಯುತ್ತವೆ.

ಇದರಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಹಲಗೆಯ ಮೇಲಿನ ಸ್ವಿಚ್ ಒಂದು ಕಂಪನಿಯದು, ಪರದೆಯ ಮೋಟಾರು ಇನ್ನೊಂದರದು, ದೀಪದ ನಿಯಂತ್ರಕ ಮೂರನೆಯದರದು. ಮಾರುಕಟ್ಟೆಯಲ್ಲಿ ಹಾವು ಮುಂಗುಸಿಯಂತಿರುವ ಕಂಪನಿಗಳ ಸಾಮಾನುಗಳು ಒಂದೇ ತಂತಿಯಲ್ಲಿ ಸಲೀಸಾಗಿ ಮಾತಾಡುತ್ತವೆ. ಯುರೋಪಿನ ಮೂರು ಬೇರೆ ಬೇರೆ ಪದ್ಧತಿಗಳನ್ನು ಬೆಸೆಯಲು 1999ರಲ್ಲಿ ಕಟ್ಟಿದ ಸಂಘಟನೆಯಿಂದ ಇದು ಸಾಧ್ಯವಾಯಿತು. ದೀಪಗಳ ಲೋಕದಲ್ಲಿ ಇಂಥದೇ ಕೆಲಸ ಮಾಡುವುದು ‘ಡಾಲಿ’ ಎಂಬ ಪದ್ಧತಿ. ಒಂದು ಜೊತೆ ತಂತಿಯಲ್ಲಿ 64 ದೀಪಗಳಿಗೆ ಒಂದೊಂದು ವಿಳಾಸ ಕೊಟ್ಟು, ಪ್ರತಿಯೊಂದನ್ನೂ ಬೇರೆಯಾಗಿ ಕರೆದು ಮಾತಾಡಿಸಬಹುದು. ದೊಡ್ಡ ಕಟ್ಟಡದ ಚಿಲ್ಲರ್, ಬಾಯ್ಲರ್, ಗಾಳಿ ಯಂತ್ರಗಳಿಗೆ ‘ಬ್ಯಾಕ್‌ನೆಟ್’ ಇದೆ. ಅಮೆರಿಕದ ಹವಾನಿಯಂತ್ರಣ ಎಂಜಿನಿಯರುಗಳ ಸಂಘ ಆಶ್ರೇ 1987ರಲ್ಲಿ ಅದರ ಕೆಲಸ ಆರಂಭಿಸಿ 1995ರಲ್ಲಿ ಪ್ರಕಟಿಸಿತು. ಮನೆ ಬಳಕೆಯ ಉಪಕರಣಗಳಿಗೆ ‘ಮ್ಯಾಟರ್’ ಎಂಬ ಹೊಸ ಪದ್ಧತಿಯ ಮೊದಲ ಆವೃತ್ತಿ ಹೊರಬಂದದ್ದು 2022ರ ಅಕ್ಟೋಬರ್ 4ರಂದು, ಫ್ರಾಂಕ್‌ಫರ್ಟ್ ಮೇಳ ನಡೆಯುತ್ತಿದ್ದ ವಾರದಲ್ಲೇ.

ಈ ಹೆಸರುಗಳೆಲ್ಲ ಸಾಮಾನ್ಯ ಓದುಗನಿಗೆ ಯಾಕೆ ಬೇಕು? ಕಟ್ಟಡದ ಆಯುಷ್ಯ ಅರವತ್ತು ಎಪ್ಪತ್ತು ವರ್ಷ. ಎಲೆಕ್ಟ್ರಾನಿಕ್ ಸಾಮಾನಿನ ಆಯುಷ್ಯ ಹತ್ತು ಹದಿನೈದು ವರ್ಷ. ಒಂದೇ ಕಂಪನಿಯ ಮುಚ್ಚಿದ ವ್ಯವಸ್ಥೆ ಹಾಕಿಸಿಕೊಂಡವನು ಹತ್ತು ವರ್ಷದ ಮೇಲೆ ಒಂದು ಸೆನ್ಸರ್ ಕೆಟ್ಟರೂ ಆ ಕಂಪನಿಯ ಬಾಗಿಲಿಗೇ ಹೋಗಬೇಕು. ಕಂಪನಿ ಬಾಗಿಲು ಹಾಕಿದ್ದರೆ ಇಡೀ ವ್ಯವಸ್ಥೆಯನ್ನು ಕಿತ್ತು ಹಾಕಬೇಕು. ಮುಕ್ತ ಪದ್ಧತಿಯಾದರೆ ಆ ಸೆನ್ಸರ್ ಒಂದನ್ನಷ್ಟೇ ಬದಲಿಸಿದರೆ ಮುಗಿಯಿತು.

ಎಷ್ಟು ಉಳಿಯುತ್ತದೆ?

ಜಾತ್ರೆಯಲ್ಲಿ ಪ್ರತಿ ಮಳಿಗೆಯವನೂ ತನ್ನ ಪೆಟ್ಟಿಗೆಯಿಂದ ಅಷ್ಟು ಉಳಿತಾಯ, ಇಷ್ಟು ಉಳಿತಾಯ ಎಂದು ಹೇಳುವವನೇ. ಮಾರಾಟಗಾರನ ಬಾಯಿಂದ ಬಂದ ಅಂಕಿಗಿಂತ ನಂಬಬಹುದಾದ ಒಂದು ಅಳತೆಗೋಲು ಯುರೋಪಿನ ಮಾನಕದಲ್ಲಿದೆ. ಕಟ್ಟಡದ ನಿಯಂತ್ರಣ ವ್ಯವಸ್ಥೆಯನ್ನು ಅದು ‘ಎ’ಯಿಂದ ‘ಡಿ’ವರೆಗೆ ನಾಲ್ಕು ದರ್ಜೆಗಳಾಗಿ ವಿಂಗಡಿಸುತ್ತದೆ. ಸಾಧಾರಣ ನಿಯಂತ್ರಣವಿರುವ ‘ಸಿ’ ದರ್ಜೆಯ ಕಚೇರಿ ಬಿಸಿ ಮತ್ತು ತಂಪಿಗಾಗಿ 100 ಯೂನಿಟ್ ಬಳಸುತ್ತದೆ ಎಂದುಕೊಳ್ಳಿ. ಅತ್ಯುತ್ತಮವಾದ ‘ಎ’ ದರ್ಜೆಯಲ್ಲಿ ಅದು 70ಕ್ಕೆ ಇಳಿಯುತ್ತದೆ. ನಿಯಂತ್ರಣವೇ ಕೆಟ್ಟಿರುವ ‘ಡಿ’ ದರ್ಜೆಯಲ್ಲಿ 151ಕ್ಕೆ ಏರುತ್ತದೆ.

ಈ ಮೂರು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಮೇಳದ ಮಳಿಗೆಗಳಲ್ಲಿ ಸಿಗದ ಒಂದು ಪಾಠ ಸಿಗುತ್ತದೆ. ಸಾಧಾರಣದಿಂದ ಉತ್ತಮಕ್ಕೆ ಹೋದರೆ 30 ಯೂನಿಟ್ ಲಾಭ. ಕೆಟ್ಟದ್ದನ್ನು ಸಾಧಾರಣಕ್ಕೆ ತಂದರೆ 51 ಯೂನಿಟ್ ಲಾಭ. ಅಂದರೆ ಹೊಸ ಜಾಣ ಯಂತ್ರ ಕೊಳ್ಳುವುದಕ್ಕಿಂತ ಇರುವ ಪೆದ್ದುತನ ನಿಲ್ಲಿಸುವುದರಲ್ಲೇ ಹೆಚ್ಚು ಆದಾಯವಿದೆ. ಒಂದೇ ಕೋಣೆಗೆ ಒಂದು ಕಡೆಯಿಂದ ಬಿಸಿ, ಇನ್ನೊಂದು ಕಡೆಯಿಂದ ತಂಪು ಏಕಕಾಲಕ್ಕೆ ಹರಿಯುವುದು, ಭಾನುವಾರವೂ ಇಡೀ ಮಹಡಿಯ ಏಸಿ ಓಡುವುದು, ಇಂಥವನ್ನು ಹುಡುಕಿ ತೆಗೆಯುವುದಕ್ಕೆ ಕೃತಕ ಬುದ್ಧಿಮತ್ತೆಯ ಅಗತ್ಯವಿಲ್ಲ.

ಉಳಿತಾಯದ ದೊಡ್ಡ ಗಣಿ ಇರುವುದು ಕಣ್ಣಿಗೆ ಬೀಳದ ಗಾಳಿಯಂತ್ರಗಳಲ್ಲಿ. ಫ್ಯಾನು ಎಳೆಯುವ ವಿದ್ಯುತ್ತು ಅದರ ವೇಗದ ಘನಕ್ಕೆ ತಕ್ಕಂತೆ ಏರಿಳಿಯುತ್ತದೆ. ವೇಗವನ್ನು ಶೇ 20ರಷ್ಟು ಇಳಿಸಿದರೆ 0.8ನ್ನು ಮೂರು ಬಾರಿ ಗುಣಿಸಿ ನೋಡಿ, ಬಳಕೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ. ಯಾವಾಗ ಇಳಿಸಬೇಕೆಂದು ಹೇಳುವುದು ಕೋಣೆಯ ಇಂಗಾಲದ ಡೈಆಕ್ಸೈಡ್ ಅಳೆಯುವ ಸೆನ್ಸರ್. ಜನ ಹೆಚ್ಚಿದ್ದರೆ ಉಸಿರಿನ ಇಂಗಾಲ ಹೆಚ್ಚು, ಗಾಳಿ ಹೆಚ್ಚು ಬೇಕು. ಜನ ಕರಗಿದರೆ ಗಾಳಿ ಕಡಿಮೆ ಸಾಕು. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಇಂಗಾಲದ ಡೈಆಕ್ಸೈಡ್ 1,000 ಭಾಗ ದಾಟಬಾರದು ಎಂಬ ಅಳತೆ ಇಂದಿಗೂ ಚಾಲ್ತಿಯಲ್ಲಿದೆ. ಅದನ್ನು ಹಾಕಿಕೊಟ್ಟವನು ಮ್ಯೂನಿಕ್‌ನ ಆರೋಗ್ಯ ವಿಜ್ಞಾನಿ ಮ್ಯಾಕ್ಸ್ ಫಾನ್ ಪೆಟ್ಟೆನ್‌ಕೋಫರ್, 1858ರಲ್ಲಿ. ಹೊಚ್ಚಹೊಸದೆಂದು ಮಾರುವ ಪೆಟ್ಟಿಗೆಯೊಳಗೆ ಕೂತಿರುವ ಲೆಕ್ಕ ಒಂದೂವರೆ ಶತಮಾನ ಹಳೆಯದು.

ಹಾಗೆಂದು ಮಳಿಗೆಯಲ್ಲಿಟ್ಟದ್ದೆಲ್ಲ ಉಳಿತಾಯವೇ ಎಂದು ನಂಬಬೇಕಿಲ್ಲ. ಫೋನಿನಿಂದ ಹೊತ್ತಿಸುವ 9 ವಾಟಿನ ‘ಸ್ಮಾರ್ಟ್’ ಬಲ್ಬನ್ನೇ ತೆಗೆದುಕೊಳ್ಳಿ. ನಿಮ್ಮ ಆಜ್ಞೆಗೆ ಕಿವಿಗೊಟ್ಟು ಕೂತಿರಲು ಅದು ಅರ್ಧ ವಾಟ್ ಬಳಸುತ್ತದೆ ಎಂದಿಟ್ಟುಕೊಂಡರೆ ದಿನಕ್ಕೆ 12 ವಾಟ್-ಗಂಟೆ. ಉಗ್ರಾಣದ ಕೋಣೆಯಲ್ಲಿ ದಿನಕ್ಕೆ ಹತ್ತು ನಿಮಿಷ ಮಾತ್ರ ಉರಿಯುವ ಬಲ್ಬಾದರೆ ಬೆಳಕಿಗೆ ಖರ್ಚಾಗುವುದು ಒಂದೂವರೆ ವಾಟ್-ಗಂಟೆ. ಬೆಳಕಿನ ಎಂಟು ಪಟ್ಟು ಕಾಯುವುದಕ್ಕೇ ಹೋಯಿತು. ಅಲ್ಲಿ ಹತ್ತಾರು ರೂಪಾಯಿಯ ಮಾಮೂಲಿ ಸ್ವಿಚ್ಚೇ ಜಾಣ.

ಕಾನೂನು ದೂಡಿದ್ದು, ಗ್ರಿಡ್ ಎಳೆದದ್ದು

ಈ ಮೇಳ ಇಷ್ಟು ಬೆಳೆಯಲು ಕೊಳ್ಳುವವರ ಒಳ್ಳೆಯ ಮನಸ್ಸೊಂದೇ ಕಾರಣವಲ್ಲ. ಐರೋಪ್ಯ ಒಕ್ಕೂಟದ 2018ರ ನಿರ್ದೇಶನದ ಪ್ರಕಾರ 290 ಕಿಲೋವಾಟ್‌ಗಿಂತ ದೊಡ್ಡ ಬಿಸಿ ಅಥವಾ ತಂಪು ವ್ಯವಸ್ಥೆಯಿರುವ ವಸತಿಯೇತರ ಕಟ್ಟಡಗಳಲ್ಲಿ ಸ್ವಯಂಚಾಲಿತ ನಿಯಂತ್ರಣ ಇರಲೇಬೇಕಾಯಿತು. ಜರ್ಮನಿ ತನ್ನ ಕಟ್ಟಡ ಶಕ್ತಿ ಕಾಯ್ದೆಯಲ್ಲಿ ಅದಕ್ಕೆ 2024ರ ಡಿಸೆಂಬರ್ ಅಂತ್ಯದ ಗಡುವು ಹಾಕಿತು. 2024ರ ಪರಿಷ್ಕೃತ ನಿರ್ದೇಶನ ಆ ಮಿತಿಯನ್ನು 2029ರ ಕೊನೆಯೊಳಗೆ 70 ಕಿಲೋವಾಟ್‌ಗೆ ಇಳಿಸುತ್ತದೆ. ಆಗ ದೊಡ್ಡ ಕಚೇರಿ ಗೋಪುರಗಳ ಜೊತೆ ಮಧ್ಯಮ ಗಾತ್ರದ ಹೋಟೆಲು, ಶಾಲೆಗಳೂ ಲೆಕ್ಕಕ್ಕೆ ಬರುತ್ತವೆ.

ಇನ್ನೊಂದು ಒತ್ತಡ ಗ್ರಿಡ್ಡಿನ ಕಡೆಯಿಂದ ಬಂತು. ಗಾಳಿ, ಬಿಸಿಲಿನ ವಿದ್ಯುತ್ತು ನಮ್ಮ ಅಗತ್ಯ ನೋಡಿ ಹುಟ್ಟುವುದಿಲ್ಲ. 2024ರಲ್ಲಿ ಜರ್ಮನಿಯ ಸಗಟು ಮಾರುಕಟ್ಟೆಯಲ್ಲಿ 450ಕ್ಕೂ ಹೆಚ್ಚು ಗಂಟೆಗಳ ಕಾಲ ವಿದ್ಯುತ್ತಿನ ಬೆಲೆ ಸೊನ್ನೆಗಿಂತ ಕೆಳಗಿತ್ತು. ವಿದ್ಯುತ್ತು ತೆಗೆದುಕೊಂಡವನಿಗೇ ದುಡ್ಡು. ಸಂಜೆ ಸೂರ್ಯ ಇಳಿದ ಮೇಲೆ ಅದೇ ಮಾರುಕಟ್ಟೆ ದುಬಾರಿ. 2025ರ ಜನವರಿಯಿಂದ ಅಲ್ಲಿನ ಎಲ್ಲ ವಿದ್ಯುತ್ ಸರಬರಾಜುದಾರರೂ ಮಾರುಕಟ್ಟೆಯೊಂದಿಗೆ ಏರಿಳಿಯುವ ದರವನ್ನು ಗ್ರಾಹಕರ ಮುಂದಿಡಬೇಕು. 2024ರಿಂದ ಹೊಸದಾಗಿ ಹಾಕುವ, ಮನೆ ಬೆಚ್ಚಗಿಡುವ ಹೀಟ್ ಪಂಪ್, ಕಾರ್ ಚಾರ್ಜರ್‌ನಂಥ ದೊಡ್ಡ ಉಪಕರಣಗಳ ಬಳಕೆಯನ್ನು, ತಂತಿ ತಡೆದುಕೊಳ್ಳಲಾರದಷ್ಟು ಹೊರೆ ಬಿದ್ದಾಗ, ವಿತರಣಾ ಕಂಪನಿ ತಾತ್ಕಾಲಿಕವಾಗಿ 4.2 ಕಿಲೋವಾಟ್‌ವರೆಗೆ ಇಳಿಸಬಹುದು. ಅದಕ್ಕೆ ಪ್ರತಿಯಾಗಿ ಗ್ರಾಹಕನಿಗೆ ಜಾಲ ಶುಲ್ಕದಲ್ಲಿ ರಿಯಾಯಿತಿ.

ಇದರಿಂದ ಕಟ್ಟಡದ ಕೆಲಸವೇ ಬದಲಾಯಿತು. ಎಷ್ಟು ಬಳಸಿದೆ ಎಂಬುದರ ಜೊತೆಗೆ ಯಾವಾಗ ಬಳಸಿದೆ ಎಂಬುದಕ್ಕೂ ಬೆಲೆ ಬಂತು. ಮಧ್ಯಾಹ್ನ ಅಗ್ಗವಿದ್ದಾಗ ನೀರು ಕಾಯಿಸಿಟ್ಟು, ಕಾರು ಚಾರ್ಜ್ ಮಾಡಿ, ಸಂಜೆ ತೆಪ್ಪಗಿರುವ ಕಟ್ಟಡಕ್ಕೆ ಲಾಭ. ಮನೆಯ ಸೌರಫಲಕ, ಬ್ಯಾಟರಿ, ಹೀಟ್ ಪಂಪ್, ಕಾರು ಇವೆಲ್ಲದರ ನಡುವೆ ಪಂಚಾಯಿತಿ ಮಾಡುವ ಪೆಟ್ಟಿಗೆಗಳು ಮಳಿಗೆಗಳಲ್ಲಿ ಸಾಲುಗಟ್ಟಿರುವುದು ಇದೇ ಕಾರಣಕ್ಕೆ.

ಫ್ರಾಂಕ್‌ಫರ್ಟ್ ನಗರವೇ ಈ ಮೇಳಕ್ಕೆ ಪೂರಕವಾದ ಪಾಠಶಾಲೆ. 1997ರಲ್ಲಿ ಪೂರ್ಣಗೊಂಡ 259 ಮೀಟರ್ ಎತ್ತರದ ಕಾಮರ್ಜ್‌ಬ್ಯಾಂಕ್ ಗೋಪುರದಲ್ಲಿ ಕಿಟಕಿಗಳನ್ನು ತೆರೆಯಬಹುದು. ವಾಸ್ತುಶಿಲ್ಪಿ ನಾರ್ಮನ್ ಫಾಸ್ಟರ್ ನಾಲ್ಕು ನಾಲ್ಕು ಮಹಡಿ ಎತ್ತರದ ಒಂಬತ್ತು ತೋಟಗಳನ್ನು ಗೋಪುರದ ಮೈಗೆ ಸುರುಳಿಯಾಗಿ ಜೋಡಿಸಿ, ಒಳಗಿನ ಕೋಣೆಗಳಿಗೂ ಗಾಳಿ ಬೆಳಕು ತಲುಪಿಸಿದ. ಹವೆ ಹಿತವಾಗಿದ್ದಾಗ ಹೊರಗಾಳಿಯೇ ಸಾಕು; ತೀರ ಚಳಿ, ಸೆಖೆ, ಬಿರುಗಾಳಿ ಬಂದಾಗ ಮಾತ್ರ ನಿಯಂತ್ರಣ ವ್ಯವಸ್ಥೆ ಕಿಟಕಿ ಮುಚ್ಚಿ ಯಂತ್ರ ಹಚ್ಚುತ್ತದೆ. ಅಲ್ಲಿಂದ ಹೆಚ್ಚು ದೂರವಿಲ್ಲದ ಡಾರ್ಮ್‌ಸ್ಟಾಟ್ ನಗರದಲ್ಲಿ 1991ರಲ್ಲಿ ಕಟ್ಟಿದ ಮೊದಲ ‘ಪ್ಯಾಸಿವ್ ಹೌಸ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ದಪ್ಪ ಹೊದಿಕೆಯ ಗೋಡೆ, ಮೂರು ಪದರ ಗಾಜು, ಸೋರದ ಸಂದುಗಳಿಂದಲೇ ಬಿಸಿಯ ಅಗತ್ಯವನ್ನು ಅದು ತಳಕ್ಕೆ ಇಳಿಸಿತು. ಗೋಡೆಯನ್ನು ಸರಿಯಾಗಿ ಕಟ್ಟಿದವನಿಗೆ ಸೆನ್ಸರಿನ ಕೆಲಸ ಕಡಿಮೆ.

ಬಿಎಂಎಸ್ ರೂಮಿನಲ್ಲಿ

ಇನ್ನು ನಮ್ಮ ಕಡೆಗೆ ಬರೋಣ. ಭಾರತದಲ್ಲಿ ಈ ಕ್ಷೇತ್ರದ ದೊಡ್ಡ ಮೇಳವೆಂದರೆ ಹವಾನಿಯಂತ್ರಣ ಎಂಜಿನಿಯರುಗಳ ಸಂಘ ನಡೆಸುವ ‘ಆಕ್ರೆಕ್ಸ್’. ಊರೂರು ಸುತ್ತುವ ಈ ಮೇಳ ಬೆಂಗಳೂರಿನ ತುಮಕೂರು ರಸ್ತೆಯ ಬಿಐಇಸಿ ಪ್ರದರ್ಶನ ಕೇಂದ್ರಕ್ಕೂ ಬಂದಿದೆ. ವಾಣಿಜ್ಯ ಕಟ್ಟಡಗಳಿಗೆ ಶಕ್ತಿ ಸಂರಕ್ಷಣೆಯ ಸಂಹಿತೆ 2007ರಿಂದ ಇದೆ. 2017ರಲ್ಲಿ ಅದು ಪರಿಷ್ಕೃತವಾಯಿತು. 100 ಕಿಲೋವಾಟ್‌ ಸಂಪರ್ಕವಿರುವ ಕಟ್ಟಡದಿಂದಲೇ ಅದು ಅನ್ವಯ. 2020ರಿಂದ ಹೊಸ ಏಸಿಗಳು ಕಾರ್ಖಾನೆಯಿಂದ ಬರುವಾಗಲೇ 24 ಡಿಗ್ರಿಗೆ ಹೊಂದಿಸಿರಬೇಕು.

ದಾರಿ ತೋರಿಸಿದ ಕಟ್ಟಡಗಳೂ ನಮ್ಮಲ್ಲಿವೆ. ಬೆಂಗಳೂರಿನ ದೊಮ್ಮಲೂರಿನಲ್ಲಿರುವ ಟೆರಿ ಸಂಶೋಧನಾ ಸಂಸ್ಥೆಯ ಕಟ್ಟಡದಲ್ಲಿ ವಾಸ್ತುಶಿಲ್ಪಿ ಸಂಜಯ್ ಮೋಹೆ ದಕ್ಷಿಣದ ಕಡೆ ಕಪ್ಪು ಕಡಪ ಕಲ್ಲಿನ ಗೋಡೆ ನಿಲ್ಲಿಸಿದರು. ಬಿಸಿಲಿಗೆ ಕಾದ ಗೋಡೆಯ ಹಿಂದಿನ ಗಾಳಿ ಮೇಲೇರುತ್ತದೆ, ಆ ಎಳೆತಕ್ಕೆ ಕಟ್ಟಡದೊಳಗೆ ತಂಗಾಳಿ ಹಾಯುತ್ತದೆ. ಬೆಂಗಳೂರಿನ ಹವೆಗೆ ಇದಕ್ಕಿಂತ ಒಪ್ಪುವ ಯಂತ್ರ ಬೇಕೆ? ನಮ್ಮದೇ ನೆಲದ ಇನ್ಫೊಸಿಸ್, 2011ರಲ್ಲಿ ಹೈದರಾಬಾದ್ ಆವರಣದ ಒಂದು ಕಟ್ಟಡವನ್ನು ಸರಿಯಾಗಿ ಎರಡು ಪಾಲು ಮಾಡಿತು. ಅರ್ಧಕ್ಕೆ ಮಾಮೂಲಿ ಏಸಿ, ಇನ್ನರ್ಧಕ್ಕೆ ಕಾಂಕ್ರೀಟ್ ತಾರಸಿಯೊಳಗಿನ ಕೊಳವೆಗಳಲ್ಲಿ ತಣ್ಣೀರು ಹರಿಸುವ ವ್ಯವಸ್ಥೆ. ಒಂದೇ ಬಿಸಿಲು, ಒಂದೇ ಬಗೆಯ ಕೆಲಸ. ತಣ್ಣೀರಿನ ಪಾಲಿನಲ್ಲಿ ತಂಪಿನ ವಿದ್ಯುತ್ತು ಸುಮಾರು ಮೂರನೇ ಒಂದರಷ್ಟು ಕಡಿಮೆಯಾಯಿತು. ಇದನ್ನು ಖಚಿತವಾಗಿ ಹೇಳಲು ಸಾಧ್ಯವಾದದ್ದು ಎರಡೂ ಪಾಲಿಗೆ ಬೇರೆ ಬೇರೆ ಮೀಟರ್ ಹಾಕಿ, ಬರೆದಿಟ್ಟು, ಹೋಲಿಸಿದ್ದರಿಂದ.

ಅಳೆಯದ ಕಡೆ ಏನಾಗುತ್ತದೆ ಎಂಬುದನ್ನು ತಿಳಿಯಲು ಬೆಂಗಳೂರಿನ ಯಾವುದೇ ಗಾಜಿನ ಕಚೇರಿಯ ನೆಲಮಾಳಿಗೆಗೆ ಇಳಿದರೆ ಸಾಕು. ವರ್ತುಲ ರಸ್ತೆಯ ಅಂಥದೊಂದು ಕಟ್ಟಡದ ಬಿಎಂಎಸ್ ರೂಮಿನಲ್ಲಿ, ಅಂದರೆ ಎಲ್ಲ ಯಂತ್ರಗಳನ್ನೂ ಒಂದೇ ಕಡೆಯಿಂದ ನೋಡಿಕೊಳ್ಳುವ ಕಟ್ಟಡ ನಿರ್ವಹಣಾ ವ್ಯವಸ್ಥೆಯ ಕೋಣೆಯಲ್ಲಿ, ರಾತ್ರಿ ಪಾಳಿಯ ಟೆಕ್ನಿಷಿಯನ್ ಜೊತೆ ಕೂತಿದ್ದೆ. ಮೂರು ಪರದೆಗಳ ಮೇಲೆ ಇಡೀ ಕಟ್ಟಡದ ನಕ್ಷೆ ಮಿನುಗುತ್ತಿತ್ತು. ಆರನೇ ಮಹಡಿಯ ಗಾಳಿಯಂತ್ರದ ಪಕ್ಕದಲ್ಲಿ ಹಳದಿ ಬಣ್ಣದ ಕೈ ಗುರುತು. ಏನಿದು ಎಂದು ಕೇಳಿದೆ.

“ಅದು ಹ್ಯಾಂಡ್ ಮೋಡ್ ಸರ್. ಆಟೋದಲ್ಲಿ ಬಿಟ್ರೆ ಫ್ಯಾನ್ ಸ್ಪೀಡ್ ತಾನೇ ಕಮ್ಮಿ ಆಗುತ್ತೆ. ಆವಾಗ ಮೇಲ್ಗಡೆಯವ್ರು ಸೆಖೆ ಅಂತ ಫೋನ್ ಮಾಡ್ತಾರೆ. ಹ್ಯಾಂಡ್‌ಗೆ ಹಾಕಿ ಫುಲ್ ಬಿಟ್ರೆ ಯಾರೂ ಕೇಳಲ್ಲ.”

“ಎಷ್ಟು ದಿನದಿಂದ ಹೀಗಿದೆ?”

“ನಾನು ಸೇರೋಕ್ ಮುಂಚಿಂದ್ಲೂ ಹಂಗೇ ಐತೆ ಸರ್.”

“ಕರೆಂಟ್ ಬಿಲ್ ನಿಮ್ಮ ಕಣ್ಣಿಗೆ ಬೀಳುತ್ತಾ?”

“ಅದು ಅಕೌಂಟ್ಸ್‌ಗೆ ಹೋಗುತ್ತೆ. ನಮ್ಗೆ ಬರೋದು ಕಂಪ್ಲೇಂಟ್ ಮಾತ್ರ.”

ಆ ಮಹಡಿಯ ಸೆಖೆಗೆ ಕಾರಣವನ್ನು ಬೆಳಿಗ್ಗೆ ಅವರೇ ತೋರಿಸಿದರು. ಒಳಾಂಗಣ ಬದಲಿಸಿದವರು ತಾಪಮಾನದ ಸೆನ್ಸರನ್ನು ತಣ್ಣನೆಯ ಗಾಳಿ ನೇರವಾಗಿ ಬೀಳುವ ಜಾಗದಲ್ಲಿ ಕೂರಿಸಿಬಿಟ್ಟಿದ್ದರು. ಕೋಣೆಯೆಲ್ಲ ತಂಪಾಗಿದೆಯೆಂದು ಸೆನ್ಸರ್ ವರದಿ ಕಳಿಸುತ್ತದೆ, ವ್ಯವಸ್ಥೆ ಫ್ಯಾನು ಇಳಿಸುತ್ತದೆ, ಜನ ಬೆವರುತ್ತಾರೆ, ಟೆಕ್ನಿಷಿಯನ್ ಎಲ್ಲವನ್ನೂ ಹ್ಯಾಂಡ್‌ಗೆ ಹಾಕುತ್ತಾರೆ. ಸೆನ್ಸರನ್ನು ನಾಲ್ಕಡಿ ಪಕ್ಕಕ್ಕೆ ಸರಿಸಿದ್ದರೆ ಮುಗಿಯುತ್ತಿದ್ದ ಕೆಲಸ. ಸರಿಸಬೇಕೆಂದು ಹೇಳುವ ಹೊಣೆ ಯಾರದೂ ಆಗಿರಲಿಲ್ಲ.

ಇದು ಒಬ್ಬ ನೌಕರನ ಸೋಮಾರಿತನವಲ್ಲ. ಕಟ್ಟಿದ ಬಿಲ್ಡರ್ ಕಡಿಮೆ ಬೆಲೆಯ ಸಾಮಾನು ಹುಡುಕುತ್ತಾನೆ, ಯಾಕೆಂದರೆ ಮುಂದಿನ ಬಿಲ್ ಅವನದಲ್ಲ. ಬಿಲ್ ಕಟ್ಟುವ ಬಾಡಿಗೆದಾರನಿಗೆ ಯಂತ್ರದ ಮೇಲೆ ಅಧಿಕಾರವಿಲ್ಲ. ಯಂತ್ರದ ಎದುರು ಕೂತವನು ಹೊರಗುತ್ತಿಗೆಯವನು. ಅವನ ಕೆಲಸ ಉಳಿಯುವುದು ದೂರು ಬಾರದಿದ್ದರೆ. ಈ ಮೂವರ ನಡುವೆ ಸಿಕ್ಕಿದ ಕಟ್ಟಡಕ್ಕೆ ಎಂಥ ಜಾಣ ವ್ಯವಸ್ಥೆ ತಂದು ಹಾಕಿದರೂ ವರ್ಷದೊಳಗೆ ಅದು ‘ಡಿ’ ದರ್ಜೆಗೆ ಜಾರುತ್ತದೆ.

ಕೊಳ್ಳುವ ಮೊದಲು

ಕಚೇರಿ ಗೋಪುರದ ಗೊಡವೆ ನಮಗೇಕೆ ಎನ್ನುವ ಅಪಾರ್ಟ್‌ಮೆಂಟ್ ಸಂಘಗಳಿಗೂ ಇದರಲ್ಲಿ ಪಾಲಿದೆ. ಸಂಪು ತುಂಬಿಸುವ ಪಂಪು, ಕೊಳಚೆ ಶುದ್ಧೀಕರಣ ಘಟಕದ ಬ್ಲೋವರ್, ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ ಹಗಲಿರುಳು ಉರಿಯುವ ಟ್ಯೂಬುಗಳು, ಲಿಫ್ಟು ಇವೇ ಸಾಮಾನ್ಯ ಬಿಲ್ಲಿನ ಬಹುಪಾಲು. ಹಳೆಯ ಸೀಲಿಂಗ್ ಫ್ಯಾನ್ 75 ವಾಟ್ ಎಳೆಯುವ ಕಡೆ ಬ್ರಷ್ ಇಲ್ಲದ ಮೋಟಾರಿನ ಬಿಎಲ್‌ಡಿಸಿ ಫ್ಯಾನ್ 30 ವಾಟಿನ ಆಸುಪಾಸಿನಲ್ಲಿ ತಿರುಗುತ್ತದೆ. ಹೈಟೆನ್ಷನ್ ಸಂಪರ್ಕವಿದ್ದರೆ ಯೂನಿಟ್ ಜೊತೆಗೆ ಗರಿಷ್ಠ ಬೇಡಿಕೆಗೂ ಶುಲ್ಕವಿದೆ. ಎಲ್ಲ ಪಂಪುಗಳನ್ನೂ ಒಂದೇ ಹೊತ್ತಿಗೆ ಹಚ್ಚದಿರುವುದೂ ಉಳಿತಾಯವೇ. 2,050 ಮೆಗಾವಾಟ್‌ನ ಪಾವಗಡದ ಸೌರ ಪಾರ್ಕ್ ಇರುವ ನಮ್ಮ ರಾಜ್ಯದಲ್ಲೂ ಜರ್ಮನಿಯಂತೆ ವಿದ್ಯುತ್ತು ಮಧ್ಯಾಹ್ನ ಸಮೃದ್ಧ, ಸಂಜೆ ಬಿಗಿ. ನೀರೆತ್ತುವುದನ್ನು ಮಧ್ಯಾಹ್ನಕ್ಕೆ ಸರಿಸಲು ಒಂದು ಟೈಮರ್ ಸಾಕು.

ಅದಕ್ಕಿಂತ ದೊಡ್ಡದನ್ನು ಕೊಳ್ಳುವ ಸಂಘದವರೂ ಕಚೇರಿಯವರೂ ಮಾರಾಟಗಾರನಿಗೆ ಕೆಲವು ಪ್ರಶ್ನೆ ಹಾಕಬೇಕು. ನಿಮ್ಮ ಉಪಕರಣ ಬೇರೆ ಕಂಪನಿಯ ಉಪಕರಣದ ಜೊತೆ ಮಾತಾಡುತ್ತದೆಯೇ? ಇಂಟರ್‌ನೆಟ್ ಹೋದ ದಿನ ಗೋಡೆಯ ಸ್ವಿಚ್ಚು ಕೆಲಸ ಮಾಡುತ್ತದೆಯೇ? ಪಾಸ್‌ವರ್ಡ್ ಯಾರ ಕೈಲಿರುತ್ತದೆ? ದಾಖಲಾದ ಅಂಕಿ ಅಂಶ ನಮ್ಮದೋ ನಿಮ್ಮದೋ? ಹಾಕಿದ ಒಂದು ವರ್ಷದ ಮೇಲೆ ಬಂದು ಸೆನ್ಸರುಗಳನ್ನು ಪರೀಕ್ಷಿಸಿ ಕೊಡುತ್ತೀರಾ? ಕೊನೆಯ ಪ್ರಶ್ನೆಗೆ ಹೌದೆಂದು ಬರೆದುಕೊಡುವವನಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಏನನ್ನೂ ಕೊಳ್ಳದೆ ನಾಳೆಯೇ ಮಾಡಬಹುದಾದ ಕೆಲಸವೂ ಒಂದಿದೆ. ತಿಂಗಳ ಕರೆಂಟ್ ಬಿಲ್ಲಿನ ಒಂದು ಪ್ರತಿಯನ್ನು ಬಿಎಂಎಸ್ ರೂಮಿನ ಗೋಡೆಗೆ ಅಂಟಿಸಿ. ಪಕ್ಕದಲ್ಲಿ ಹೋದ ವರ್ಷದ ಅದೇ ತಿಂಗಳ ಬಿಲ್ ಇರಲಿ. ಇಳಿದ ತಿಂಗಳು ಆ ಪಾಳಿಯವರಿಗೆ ಉಳಿತಾಯದಲ್ಲಿ ಒಂದು ಪಾಲು ಕೊಡಿ, ಏರಿದ ತಿಂಗಳು ಯಾಕೆಂದು ಕೂತು ಕೇಳಿ. ಫ್ರಾಂಕ್‌ಫರ್ಟ್‌ನ ಮಳಿಗೆಗಳಿಂದ ಏನೆಲ್ಲ ತರಿಸಿಕೊಂಡರೂ ಅದು ದುಡಿಯುವುದು ಈ ಲೆಕ್ಕ ಶುರುವಾದ ಮೇಲೆಯೇ.